ಐದೂವರೆ ಪೆಟ್ಟು

ಊರಿಗೆಲ್ಲ ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ಅವನಿಗೆ ಐದೂವರೆ ಎಂದು ಹೆಸರು. ಹೆಸರಿಟ್ಟವನು ಆ ಅಂಗಡಿಯ ಯಜಮಾನ, ಬಾಯಿತುಂಬ ಕರೆದು ಗಟ್ಟಿ ಮಾಡಿದವಳು ನರ್ಸಕ್ಕ, ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದವನು ಅವನೇ. ಅಡ್ಡಹೆಸರಿಟ್ಟರೆ ಕೆಲವರು ನಾಚಿಕೊಳ್ಳುತ್ತಾರೆ. ಇವನಿಗೆ ನಾಚಿಕೆ ಎನ್ನುವುದು ಆ ಭಾನುವಾರದವರೆಗೂ ಅಷ್ಟಾಗಿ ಪರಿಚಯವಿರಲಿಲ್ಲ.

ಈ ಮೂವರನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದು ಒಂದು ರಾಕ್ ಬ್ಯಾಂಡು. ಪ್ರೋಗ್ರೆಸಿವ್ ರಾಕ್ ಅಂದರೇನು ಎಂದು ಯಾರಾದರೂ ಕೇಳಿದರೆ ನರ್ಸಕ್ಕ, “ಮೂರು ನಿಮಿಷದಲ್ಲಿ ಮುಗಿಯೋ ಹಾಡನ್ನ ಇಪ್ಪತ್ತು ನಿಮಿಷ ಎಳೀತಾರೆ. ಎಳೆದಿದ್ದು ಗೊತ್ತಾಗ್ಲಿಲ್ಲ ಅಂದ್ರೆ ನೀನು ನಮ್ಮೋನು, ಗೊತ್ತಾಯ್ತು ಅಂದ್ರೆ ಎದ್ದು ಮನೆಗೆ ಹೋಗು,” ಎನ್ನುತ್ತಿದ್ದಳು. ಬ್ಯಾಂಡಿನವರಿಗೆ ಇವರು ಇಟ್ಟ ಹೆಸರು ಅಜ್ಜಂದಿರು. ಅರ್ಧ ಶತಮಾನದಿಂದ ಬಾರಿಸುತ್ತಲೇ ಇದ್ದರು. ಹಾಡುವವನು ಮುನಿಸಿಕೊಂಡು ಹೋದ, ಇನ್ನೊಬ್ಬ ಬಂದ, ಮೊದಲಿನವನು ತಿರುಗಿ ಬಂದ. ಕೋರ್ಟು ಕಚೇರಿ ಹತ್ತಿದರು, ಇಳಿದರು. ಕೂದಲು ಹೋಯಿತು, ಬ್ಯಾಂಡು ಹೋಗಲಿಲ್ಲ. ಅವರ ಆಲ್ಬಮ್ಮುಗಳನ್ನು ಇವರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕವರಿನ ಮೇಲಿನ ಚಿತ್ರ ಹಿಡಿದು ಕರೆಯುತ್ತಿದ್ದರು: ಮೊಟ್ಟೆ, ಖಾಲಿ ಕುರ್ಚಿ, ಏಣಿ, ಹೀಗೆ.

ಏಣಿ ಐದೂವರೆಯದು. ಮಾಡಿದವರು ಅಜ್ಜಂದಿರೇ ಆದರೂ ಈ ಊರಿನಲ್ಲಿ ಅದರ ವಾರಸುದಾರ ಇವನು. ಅದರ ಎರಡನೆಯ ಬದಿ ಪೂರ್ತಿ ಒಂದೇ ಹಾಡು. ಕೊನೆಗೆ ಬರುವಾಗ ಆರ್ಗನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತುತ್ತದೆ, ಕೆಳಗೆ ಡ್ರಮ್ಮು ಏಳೇಳು ಪೆಟ್ಟಿನ ಲೆಕ್ಕದಲ್ಲಿ ಅದನ್ನು ಹೊತ್ತು ನಡೆಯುತ್ತದೆ. ಏಳು, ಏಳು, ಆಮೇಲೆ ತಟ್ಟನೆ ಐದೂವರೆ. ಹಾಡು ಒಮ್ಮೆ ಜಗ್ಗಿ, ಮುಂದಿನ ಸಾಲಿಗೆ ಬಿದ್ದು, ಸಾವರಿಸಿಕೊಂಡು ಮತ್ತೆ ಹತ್ತುತ್ತದೆ. ಮತ್ತೆ ಏಳು, ಏಳು, ಮತ್ತೆ ಐದೂವರೆ.

“ಅರ್ಧ ಪೆಟ್ಟು ಕಣ್ರಯ್ಯಾ! ಏಣಿಯ ಮುರಿದ ಮೆಟ್ಟಿಲು ಅದು,” ಎಂದು ಅವನು ಮೇಜು ಕುಟ್ಟುತ್ತಿದ್ದ. “ಪೂರ್ತಿ ಪೆಟ್ಟು ಯಾರು ಬೇಕಾದ್ರೂ ಬಾರಿಸ್ತಾರೆ. ಅರ್ಧದಲ್ಲಿ ನಿಲ್ಲೋದಕ್ಕೆ ಗುಂಡಿಗೆ ಬೇಕು.”

ಆ ಜಾಗ ಬಂದಾಗ ಅವನು ಕಣ್ಣು ಮುಚ್ಚಿ ಬಲಗೈ ಮೇಲೆತ್ತುತ್ತಿದ್ದ. ಕಲಿಯಲು ಬಂದವರು ಕಾರು ಓಡಿಸುವಾಗಲೂ ಡ್ಯಾಶ್‌ಬೋರ್ಡಿನ ಮೇಲೆ ಅವನದು ಅದೇ ತಾಳ. ಕ್ಲಚ್ ಬಿಡುವುದೋ ತಾಳ ಎಣಿಸುವುದೋ ತಿಳಿಯದೆ ಎಷ್ಟೋ ಜನ ನಡುರಸ್ತೆಯಲ್ಲಿ ಇಂಜಿನ್ ಆಫ್ ಮಾಡಿಕೊಂಡು ಬೈಸಿಕೊಂಡಿದ್ದರು. ಬೈಯುವುದರಲ್ಲಿ ಅವನು ಅರ್ಧಕ್ಕೆ ನಿಲ್ಲುವ ಆಸಾಮಿಯಲ್ಲ.

ಏಣಿಯ ವಿಷಯದಲ್ಲಿ ಅವನ ಮಾತಿಗೆ ಎದುರಿರಲಿಲ್ಲ, ಏಕೆಂದರೆ ಆ ಆಲ್ಬಮ್ ಇದ್ದದ್ದು ಅವನೊಬ್ಬನ ಹತ್ತಿರ. ಅಜ್ಜಂದಿರಿಗೂ ಅವರ ಹಳೆಯ ಕಂಪನಿಗೂ ಜಗಳವಾಗಿ ಏಣಿ ಮತ್ತೆ ಅಚ್ಚಾಗಲೇ ಇಲ್ಲ. ಇವನು ವಯಸ್ಸಿನಲ್ಲಿದ್ದಾಗ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕ ರೆಕಾರ್ಡಿನಿಂದ ಕ್ಯಾಸೆಟ್ ಮಾಡಿಕೊಂಡಿದ್ದ. ರೆಕಾರ್ಡು ಮಾತ್ರ ಕಾರಿನ ಹಿಂದಿನ ಗಾಜಿನ ಹತ್ತಿರ ಬಿಸಿಲಿಗೆ ಬಿದ್ದು ಹಪ್ಪಳದ ಹಾಗೆ ಸೊಟ್ಟಗಾಯಿತು. ಕನ್ನಡಕದವನ ಕ್ಯಾಸೆಟ್ಟು, ನರ್ಸಕ್ಕನ ಕ್ಯಾಸೆಟ್ಟು, ಎಲ್ಲವೂ ಅವನ ಕ್ಯಾಸೆಟ್ಟಿನ ಮಕ್ಕಳು. ಮೊಬೈಲಿನಲ್ಲಿ ಹುಡುಕಿದರೆ ಈಗ ಎಲ್ಲವೂ ಸಿಗುತ್ತದೆ ಎಂದು ಗೊತ್ತಿದ್ದರೂ ಮೂವರೂ ಹುಡುಕಲಿಲ್ಲ. ಮೊಬೈಲಿನಲ್ಲಿ ಅಜ್ಜಂದಿರನ್ನು ಕೇಳುವುದೆಂದರೆ ಬೀಗದ ಕಿಂಡಿಯಲ್ಲಿ ಮದುವೆ ನೋಡಿದ ಹಾಗೆ ಎಂದು ಐದೂವರೆ ತೀರ್ಪು ಕೊಟ್ಟಿದ್ದ, ಉಳಿದಿಬ್ಬರು ಅದನ್ನು ವೇದವಾಕ್ಯ ಮಾಡಿಕೊಂಡಿದ್ದರು.

ಹೀಗಿರುವಾಗ ಅಜ್ಜಂದಿರು, ಇನ್ನು ಸಾಕು, ಮುಂದೆ ಬಾರಿಸುವುದಿಲ್ಲ ಎಂದು ಹೇಳಿಬಿಟ್ಟರು. ಮೂವರಿಗೂ ಮನೆಯ ಹಿರಿಯರು ಹೋದಷ್ಟು ಬೇಜಾರಾಯಿತು. ಇನ್ನು ಹೊಸದು ಬರುವುದಿಲ್ಲ, ಆದ್ದರಿಂದ ಇದ್ದುದರಲ್ಲಿ ಯಾವುದು ಶ್ರೇಷ್ಠ ಎಂದು ಒಂದೇ ಸಲಕ್ಕೆ ತೀರ್ಮಾನ ಮಾಡಿಬಿಡೋಣ ಎಂದು ಕನ್ನಡಕದವನು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಕರೆದ. ಒಬ್ಬೊಬ್ಬರು ಒಂದೊಂದು ಆಲ್ಬಮ್ ತರಬೇಕು, ಮಾತಿಲ್ಲದೆ ಕೇಳಬೇಕು, ಆಮೇಲೆ ಅಂಗಡಿಯ ಹಳೇ ಮಸೂರವೊಂದನ್ನು ಇಷ್ಟವಾದ ಕವರಿನ ಮೇಲೆ ಇಡಬೇಕು. ಅದೇ ಓಟು. ತಾನು ತಂದದ್ದಕ್ಕೆ ತಾನೇ ಓಟು ಹಾಕುವ ಹಾಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಕಾರಣಕ್ಕೆ ಇದಕ್ಕೆ ಹೆಗ್ಗಣದ ನಿಯಮ ಎಂದು ಹೆಸರು.

“ಮೂರೇ ಜನ ಆದ್ರೆ ತಲೆಗೊಂದು ಓಟು ಬಿದ್ದು ಸಮಸಮ ಆಗುತ್ತೆ,” ಎಂದು ನರ್ಸಕ್ಕ ಫೋನಿನಲ್ಲಿ ಹೇಳಿದಳು. “ಓಟು ಹಾಕೋಕೆ ಅಂತ ನಾಲ್ಕನೆಯವಳನ್ನ ನಾನು ಕರೆದಿದೀನಿ. ನಿನ್ನ ಮಗಳನ್ನ.”



ಮಗಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟು. ಬಿದ್ದು ಎದ್ದವರಿಗೆ, ಅರ್ಧಾಂಗ ಸೋತವರಿಗೆ ಮತ್ತೆ ನಡೆಯುವುದನ್ನು ಕಲಿಸುವ ಕೆಲಸ. ನರ್ಸಕ್ಕ ನಿವೃತ್ತಳಾಗುವ ಮೊದಲು ಇಬ್ಬರೂ ಒಂದೇ ವಾರ್ಡಿನಲ್ಲಿದ್ದರು. “ನಿನ್ನ ಮಗಳು ಮುದುಕರ ಮೊಣಕಾಲು ತಟ್ಟಿ ತಟ್ಟಿ ಹೆಜ್ಜೆ ಹಾಕಿಸ್ತಾಳೆ ಕಣಯ್ಯಾ, ಒಂದಿನ ದನಿ ಏರಿಸಿದ್ದು ನೋಡಲಿಲ್ಲ. ನಿನಗೆ ಹೇಗೆ ಹುಟ್ಟಿದ್ಲೋ!” ಎಂದು ನರ್ಸಕ್ಕ ಆಗಾಗ ಛೇಡಿಸುತ್ತಿದ್ದಳು. ಅವನು ನಗುತ್ತಿದ್ದ. ಮಗಳು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದಳು, ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತು ಹರಟುತ್ತಿದ್ದಳು, ಅಪ್ಪನ ಬಿಪಿ ನೋಡಿ ಹೋಗುತ್ತಿದ್ದಳು. ಅಪ್ಪ ಮಗಳ ನಡುವೆ ಜಗಳವೇನೂ ಇರಲಿಲ್ಲ, ಹಾಡಿನ ಮಾತೂ ಇರಲಿಲ್ಲ.

ಒಂದು ಕಾಲದಲ್ಲಿ ಇತ್ತು. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಇವನು ಎಲ್ಲಿಂದಲೋ ಹಳೇ ಡ್ರಮ್ ಸೆಟ್ಟು ತಂದು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಹಾಕಿದ. ಹುಡುಗಿಗೆ ಕೈ ಎಷ್ಟು ಚೆನ್ನಾಗಿ ಕೂತಿತೆಂದರೆ ಬೀದಿಯವರು ಬೈಯಲು ಬಂದವರು ನಿಂತು ಕೇಳಿ ಹೋಗುತ್ತಿದ್ದರು. ಆ ರಜೆಯಲ್ಲಿ ಇವನು ಏಣಿಯ ಆ ಜಾಗವನ್ನು ಹೇಳಿಕೊಡಲು ಕೂತ. ಅವಳು ಏಳು ಬಾರಿಸಿದಳು, ಏಳು ಬಾರಿಸಿದಳು, ಮೂರನೆಯ ಸಲವೂ ಏಳೇ ಬಾರಿಸಿದಳು.

“ಐದೂವರೆ!” ಎಂದು ಇವನು ಕಿರುಚಿದ. ಮತ್ತೆ ಬಾರಿಸಿದಳು, ಮತ್ತೆ ಏಳು. ದಿನವೂ ಇದೇ ಆಯಿತು. ಕೊನೆಗೊಂದು ಸಂಜೆ ಕನ್ನಡಕದವನು, ನರ್ಸಕ್ಕ ಇಬ್ಬರೂ ಕೇಳಲು ಬಂದು ಶೆಡ್ಡಿನಲ್ಲಿ ಕೂತಿದ್ದಾಗ ಹುಡುಗಿ ಕೋಲುಗಳನ್ನು ಕೆಳಗಿಳಿಸಿ, “ಅಪ್ಪ, ಅಲ್ಲಿ ಟೇಪೇ ಎಡವ್ತಾ ಇದೆ,” ಎಂದಳು.

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!” ಎಂದ ಇವನು. ಬಂದವರು ಗೊಳ್ಳೆಂದು ನಕ್ಕರು. ನಗು ಸಿಕ್ಕಿದರೆ ಸುಮ್ಮನಾಗುವವನೇ? “ತಾಳ ರಕ್ತದಲ್ಲಿರಬೇಕು. ಇವಳ ರಕ್ತದಲ್ಲಿ ಬರೀ ನೀರಿದೆ,” ಎಂದೂ ಸೇರಿಸಿದ.

ಹುಡುಗಿ ಕೋಲುಗಳನ್ನು ಡ್ರಮ್ಮಿನ ಮೇಲೆ ಜೋಡಿಸಿಟ್ಟು ಒಳಗೆ ಹೋದಳು. ಮತ್ತೆ ಕೂರಲಿಲ್ಲ. ಅವಳು ಓದಲು ಹಾಸ್ಟೆಲಿಗೆ ಹೋದ ಮೇಲೆ ಸೆಟ್ಟು ಸುಮ್ಮನೆ ಧೂಳು ತಿನ್ನುತ್ತಿದೆ ಎಂದು ಇವನು ಅದನ್ನು ಯಾರಿಗೋ ಕೊಟ್ಟುಬಿಟ್ಟ.

ಭಾನುವಾರ ಹೊರಡುವಾಗ ಹೆಂಡತಿ ಬಾಗಿಲಿಗೆ ಬಂದು, “ಅವಳು ಬರ್ತೀನಿ ಅಂದಿದ್ದೇ ದೊಡ್ಡದು. ಅಲ್ಲಿ ಸ್ವಲ್ಪ ನಾಲಿಗೆ ಹಿಡ್ಕೊಂಡಿರಿ,” ಎಂದಳು. ಇವನಿಗೆ ಸಿಟ್ಟು ಬಂತು. ಒಳಗೊಳಗೇ ಒಂದು ಆಸೆಯೂ ಇತ್ತು. ಇಷ್ಟು ವರ್ಷದ ಮೇಲೆ, ದೊಡ್ಡವಳಾದ ಮೇಲೆ, ಆ ಜಾಗವನ್ನು ಕೇಳಿ ಮಗಳು ತಲೆದೂಗಬೇಕು. ಹೌದಪ್ಪ, ನೀವು ಹೇಳಿದ್ದು ಈಗ ಗೊತ್ತಾಯ್ತು ಅನ್ನಬೇಕು. ಆಲ್ಬಮ್ ಗೆಲ್ಲುವುದಕ್ಕಿಂತ ಅದೇ ಅವನಿಗೆ ಬೇಕಾಗಿತ್ತು.

ಹಿಂದಿನ ಕೋಣೆಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರದ ಬೋರ್ಡಿನ ಕೆಳಗೆ ನಾಲ್ಕು ಕುರ್ಚಿ ಹಾಕಿದ್ದರು. ಮೊದಲು ಕನ್ನಡಕದವನ ಮೊಟ್ಟೆ ಕೇಳಿದರು, ಆಮೇಲೆ ನರ್ಸಕ್ಕನ ಖಾಲಿ ಕುರ್ಚಿ. ಮಗಳು ಕೈ ಕಟ್ಟಿಕೊಂಡು ಗಮನವಿಟ್ಟು ಕೇಳಿದಳು, ನಡುವೆ ಎಲ್ಲರಿಗೂ ಟೀ ಬಗ್ಗಿಸಿ ಕೊಟ್ಟಳು. ತನ್ನ ಸರದಿ ಬಂದಾಗ ಐದೂವರೆ ಜೇಬಿನಿಂದ ಕ್ಯಾಸೆಟ್ಟು ತೆಗೆದ. ಕನ್ನಡಕದವನು ಅವನ ಕೈ ಹಿಡಿದು ತಡೆದ.

“ಅದನ್ನ ಪಕ್ಕಕ್ಕಿಡು. ನಿನಗೊಂದು ಉಡುಗೊರೆ ಇದೆ,” ಎಂದು ಬೀರುವಿನಿಂದ ಹೊಚ್ಚಹೊಸ ರೆಕಾರ್ಡು ತೆಗೆದ. ಕವರಿನ ಮೇಲೆ ಏಣಿ. “ಜಗಳ ಮುಗೀತಂತೆ. ಮೂಲ ಟೇಪಿಂದಾನೇ ಹೊಸದಾಗಿ ಅಚ್ಚು ಹಾಕಿದಾರೆ. ಯಾರಿಗೂ ಹೇಳದೆ ತರಿಸಿದೆ.”

ಐದೂವರೆಯ ಕಣ್ಣು ಒದ್ದೆಯಾಯಿತು. ರೆಕಾರ್ಡನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತಾನೇ ಇಟ್ಟ, ತಾನೇ ಸೂಜಿ ಇಳಿಸಿದ. ಮಗಳು ಮಾತ್ರ ಕುರ್ಚಿಯಲ್ಲಿ ಅತ್ತಿತ್ತ ಸರಿದು, “ಅಪ್ಪ, ಕ್ಯಾಸೆಟ್ಟೇ ಹಾಕಬಹುದಿತ್ತು,” ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೆಯ ಬದಿ ಕೊನೆಗೆ ಬಂತು. ಆರ್ಗನ್ನು ಹತ್ತತೊಡಗಿತು. ಐದೂವರೆ ಕಣ್ಣು ಮುಚ್ಚಿದ, ಬಲಗೈ ಮೇಲೆತ್ತಿದ. ಏಳು. ಏಳು. ಐದೂವರೆಯ ಲೆಕ್ಕಕ್ಕೆ ಕೈ ಕೆಳಗೆ ಬಂತು, ಮೇಜಿಗೆ ಪಟ್ಟೆಂದು ಬಡಿಯಿತು. ಡ್ರಮ್ಮು ತನ್ನ ಪಾಡಿಗೆ ಆರು, ಏಳು ಎಂದು ಮುಗಿಸಿ ಮುಂದೆ ಹೋಯಿತು. ಅವನು ಕಣ್ಣು ತೆರೆದ. ಕೈ ಮತ್ತೆ ಎತ್ತಿದ. ಏಳು, ಏಳು, ಏಳು. ಒಂದು ಮೆಟ್ಟಿಲೂ ಮುರಿದಿರಲಿಲ್ಲ. ಹಾಡು ಆರಾಮಾಗಿ, ಎಲ್ಲೂ ಎಡವದೆ, ಎಂದೋ ಹನ್ನೆರಡರ ಹುಡುಗಿಯೊಬ್ಬಳು ಶೆಡ್ಡಿನಲ್ಲಿ ಬಾರಿಸಿದ ಹಾಗೆಯೇ ಮೇಲೆ ಹತ್ತಿ ಮುಗಿಯಿತು.

ಕನ್ನಡಕದವನು ಹೋಗಿ ಸೂಜಿ ಎತ್ತಿದ.

“ಹಾಳು ಮಾಡಿಬಿಟ್ಟಿದಾರೆ!” ಎಂದ ಕನ್ನಡಕದವನು. “ತಿದ್ದಿದಾರೆ ಕಣಯ್ಯಾ. ಈಗಿನ ಮಕ್ಕಳಿಗೆ ಸುಲಭ ಆಗ್ಲಿ ಅಂತ ಸಪಾಟು ಮಾಡಿಟ್ಟಿದಾರೆ.”

“ಅಜ್ಜಂದಿರು ಒಪ್ಪಿದ್ದಾದರೂ ಹೇಗೆ?” ಎಂದಳು ನರ್ಸಕ್ಕ. ಇಬ್ಬರೂ ತಮ್ಮ ಪಂಡಿತನ ಮುಖ ನೋಡಿದರು. “ಅಲ್ವೇನಯ್ಯಾ ಐದೂವರೆ?”

ಅವನಿಗೆ ಹಳೇ ಸಾಮಾನಿನ ಅಂಗಡಿಯವನ ಮಾತು ನೆನಪಾಯಿತು. ನೆನಪಾಯಿತೇನು, ಎಂದೂ ಮರೆತೇ ಇರಲಿಲ್ಲ. ಮೇಲೆ ಒಂದಿಷ್ಟು ಕಸ ಎಳೆದು ಮುಚ್ಚಿಟ್ಟಿದ್ದ, ಅಷ್ಟೆ. ‘ಎರಡನೇ ಬದಿ ಕೊನೇಲಿ ಉದ್ದಕ್ಕೊಂದು ಗೀರಿದೆ ಸ್ವಾಮಿ, ಆಮೇಲೆ ನನ್ನ ಬೈಬೇಡಿ,’ ಎಂದಿದ್ದ ಆ ಮನುಷ್ಯ. ಇವನು ಮನೆಗೆ ತಂದು ಹಾಕಿ ಕೇಳಿದಾಗ ಕರಕರ ಸದ್ದೇನೂ ಬರಲಿಲ್ಲ, ಆ ಅದ್ಭುತವಾದ ಎಡವು ಮಾತ್ರ ಕೇಳಿತು. ಗೀರು ಸಿಕ್ಕಿದಾಗ ಸೂಜಿ ಒಂದು ಸುತ್ತು ಹಾರಿ ಮುಂದಕ್ಕೆ ಬೀಳುತ್ತಿತ್ತು, ಒಂದೂವರೆ ಪೆಟ್ಟು ಅದರ ಹೊಟ್ಟೆಗೆ ಹೋಗುತ್ತಿತ್ತು. ಇಷ್ಟು ವರ್ಷ ಇವನು ಕಣ್ಣು ಮುಚ್ಚಿ ಕೈ ಎತ್ತಿ ನಮಸ್ಕಾರ ಮಾಡಿದ್ದು ಒಂದು ಗೀರಿಗೆ. ನೆಲ ಡೊಂಕಾಗೇ ಇತ್ತು. ಹುಡುಗಿ ನೆಟ್ಟಗೇ ಕುಣಿದಿದ್ದಳು.

ಮುಖಕ್ಕೆ ಬಿಸಿ ಏರಿತು, ಕಿವಿ ಸುಟ್ಟುಹೋಗುವಂತಾಯಿತು. ಮಗಳ ಕಡೆ ನೋಡಿದ. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ, ಟೀ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಆ ತಗ್ಗಿಸಿದ ತಲೆ ನೋಡಿದೊಡನೆ ಅವನಿಗೆ ತಿಳಿಯಿತು: ಇವಳಿಗೆ ಗೊತ್ತಿದೆ. ಇವತ್ತಲ್ಲ, ಮೊದಲಿನಿಂದ ಗೊತ್ತಿದೆ.

ಆಗಲಾದರೂ ಬಾಯಿಬಿಡಬಹುದಿತ್ತು. ಇಬ್ಬರು ಹಳೇ ಸ್ನೇಹಿತರು, ಒಬ್ಬಳು ಮಗಳು, ಹೊರಗಿನವರು ಯಾರೂ ಇಲ್ಲ. ಅವನು ಮಾತ್ರ, “ಹೌದು. ತಿದ್ದಿಬಿಟ್ಟಿದಾರೆ,” ಎಂದ.

ಹೇಳಿದ ಮೇಲೆ ತನ್ನ ದನಿಯೇ ಅವನಿಗೆ ಹೇಸಿಗೆಯಾಯಿತು. ಮಾತು ಮಾತ್ರ ಆಡಿಯಾಗಿತ್ತು.

ಓಟು ಶುರುವಾಯಿತು. ಐದೂವರೆ ತನ್ನ ಮಸೂರವನ್ನು ಮೊಟ್ಟೆಯ ಮೇಲಿಟ್ಟ, ಕನ್ನಡಕದವನು ಖಾಲಿ ಕುರ್ಚಿಯ ಮೇಲಿಟ್ಟ. ನರ್ಸಕ್ಕ, “ನಮ್ಮ ಹಳೇ ಏಣಿ ನೆನೆಸಿಕೊಂಡು ಇಡ್ತಾ ಇದೀನಿ, ಈ ಸಪಾಟು ಏಣಿಗಲ್ಲ,” ಎನ್ನುತ್ತ ಏಣಿಗೆ ಇಟ್ಟಳು. ಅವಳು ಹೆದರಿದ ಹಾಗೆ ಸಮಸಮವಾಯಿತು. ಎಲ್ಲರೂ ಹುಡುಗಿಯ ಕಡೆ ತಿರುಗಿದರು.

ಮಗಳು ಎದ್ದು ಬಂದಳು. ಮೊಟ್ಟೆಯನ್ನು ದಾಟಿದಳು, ಕುರ್ಚಿಯನ್ನು ದಾಟಿದಳು, ಹೊಸ ರೆಕಾರ್ಡಿನ ಕವರನ್ನೂ ದಾಟಿದಳು. ಮೇಜಿನ ತುದಿಯಲ್ಲಿ ಅಪ್ಪ ಪಕ್ಕಕ್ಕಿಟ್ಟಿದ್ದ ಕ್ಯಾಸೆಟ್ಟಿನ ಮೇಲೆ ಮಸೂರವನ್ನು ಮೆಲ್ಲಗೆ ಇಟ್ಟಳು.

“ಭಲೇ!” ಎಂದು ಕನ್ನಡಕದವನು ಚಪ್ಪಾಳೆ ತಟ್ಟಿದ. “ಕೊನೆಗೂ ಅಪ್ಪನ ದಾರಿಗೆ ಬಂದ್ಲು ನೋಡು!” ನರ್ಸಕ್ಕ ಗೆದ್ದವನ ಬೆನ್ನು ಗುದ್ದಿದಳು. ಐದೂವರೆ ಹಲ್ಲು ಬಿಟ್ಟ. ನೆಲ ಬಾಯ್ದೆರೆದು ನುಂಗಬಾರದೇ ಎನ್ನಿಸುವ ಹೊತ್ತಿನಲ್ಲೂ ಮನುಷ್ಯನ ಮುಖ ಹೇಗೋ ನಗುತ್ತದೆ.

ಮನೆಗೆ ಹೋಗಲು ಅದೇ ಡ್ರೈವಿಂಗ್ ಸ್ಕೂಲಿನ ಕಾರು. ಮಗಳು ಸ್ಟಿಯರಿಂಗ್ ಹಿಡಿದಳು. ಅವನು ಪಕ್ಕದಲ್ಲಿ, ಮೇಷ್ಟ್ರ ಸೀಟಿನಲ್ಲಿ, ಕಾಲ ಕೆಳಗೆ ಮೇಷ್ಟ್ರಿಗೆಂದೇ ಹಾಕಿಸಿದ ಇನ್ನೊಂದು ಬ್ರೇಕು. ಸಂಜೆಯ ಬಿಸಿಲು ಎದುರಿನ ಗಾಜಿಗೆ ಬಡಿಯುತ್ತಿತ್ತು. ಕಾರು ಎರಡು ಬೀದಿ ದಾಟಿತು.

“ನಿನಗೆ ಯಾವಾಗ ಗೊತ್ತಾಯ್ತು?” ಎಂದ ಕೊನೆಗೆ.

ಯಾವುದು ಎಂದು ಅವಳು ಕೇಳಲಿಲ್ಲ. “ಹಾಸ್ಟೆಲಲ್ಲಿದ್ದಾಗ. ಯಾರೋ ಮೊಬೈಲಿಗೆ ಕಳಿಸಿದ್ರು. ಇಯರ್‌ಫೋನ್ ಹಾಕ್ಕೊಂಡು ಕೇಳಿದೆ.”

“ಮತ್ತೆ ಹೇಳಲಿಲ್ಲ ಯಾಕೆ?”

“ಏನಂತ ಹೇಳ್ಲಿ ಅಪ್ಪ? ಆ ಜಾಗ ಬಂದಾಗ ನೀವು ಕಣ್ಣು ಮುಚ್ಕೊಂಡು ಕೈ ಎತ್ತುತ್ತೀರಲ್ಲ. ಅಷ್ಟು ಖುಷಿಯಾಗಿ ನೀವು ಬೇರೆ ಯಾವಾಗ್ಲೂ ಇರಲ್ಲ.” ಅವಳು ಗೇರು ಬದಲಿಸಿದಳು. “ಅದಕ್ಕೂ ಮೊದಲು ಇನ್ನೊಂದು ತಮಾಷೆ ಆಗಿತ್ತು. ಹಾಸ್ಟೆಲಿನ ಮೇಜಿನ ಮೇಲೆ ಎರಡು ಪೆನ್ಸಿಲ್ ಇಟ್ಕೊಂಡು ನಾನು ಅದನ್ನ ಕಲಿತುಬಿಟ್ಟೆ. ಐದೂವರೇನ. ತುಂಬಾ ಕಷ್ಟ ಅದು, ಕೈ ಒಪ್ಪೋದೇ ಇಲ್ಲ. ಆದ್ರೂ ಬಿಡ್ಲಿಲ್ಲ. ರಜೇಲಿ ಬಂದು ನಿಮಗೆ ಬಾರಿಸಿ ತೋರಿಸ್ಬೇಕು ಅಂತ ಬಂದೆ. ಶೆಡ್ಡಲ್ಲಿ ಡ್ರಮ್ ಇರ್ಲಿಲ್ಲ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸಿಟ್ಟಿಗೆ ಸಿಟ್ಟು ಕೊಟ್ಟು ಅಭ್ಯಾಸವಿತ್ತು, ಇದಕ್ಕೆ ಏನು ಕೊಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.

“ಗಾಡಿ ತಿರುಗಿಸು,” ಎಂದ.

“ಏನಾದ್ರೂ ಮರೆತು ಬಂದ್ರಾ?”

“ಹೂಂ. ತಿರುಗಿಸು.”

ಕನ್ನಡಕದವನು ಇನ್ನೂ ಬಾಗಿಲು ಹಾಕಿರಲಿಲ್ಲ, ನರ್ಸಕ್ಕ ಚೀಲ ಹೆಗಲಿಗೇರಿಸುತ್ತಿದ್ದಳು. ಮಗಳು ಕಾರಿನಲ್ಲೇ ಕೂತಳು. ಇವನು ಒಳಗೆ ಹೋಗಿ ಬಾಗಿಲ ಬಳಿ ನಿಂತುಕೊಂಡೇ, ಕುರ್ಚಿ ಕೊಟ್ಟರೂ ಕೂರದೆ, ಎಲ್ಲವನ್ನೂ ಹೇಳಿದ. ಅಂಗಡಿಯವನ ಮಾತು ಹೇಳಿದ, ಗೀರು ಹೇಳಿದ, ಈಗಷ್ಟೇ ಗೊತ್ತಿದ್ದೂ ಸುಳ್ಳು ಹೇಳಿದ್ದನ್ನು ಹೇಳಿದ.

ಕನ್ನಡಕದವನು ಕಪಾಟಿಗೆ ಒರಗಿ ನಿಂತ. ಸ್ವಲ್ಪ ಹೊತ್ತು ಮುಖ ಗಂಟಾಗಿತ್ತು, ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದ. “ಹಾಗಾದ್ರೆ ಇಷ್ಟು ವರ್ಷ ನಾವು ಮೂರೂ ಜನ ಗೀರಿಗೆ ತಲೆದೂಗಿದ್ವಾ? ಇರಲಿ ಬಿಡಯ್ಯಾ. ಗೀರಾದರೂ ನಮ್ಮದೇ ಗೀರು. ನನಗೆ ಅದೇ ಇಷ್ಟ.”

ನರ್ಸಕ್ಕ ನಗಲಿಲ್ಲ. ಗಾಜಿನಾಚೆ ನಿಂತಿದ್ದ ಕಾರನ್ನು ನೋಡುತ್ತ, “ಆವತ್ತು ಶೆಡ್ಡಲ್ಲಿ ನಾನೂ ನಕ್ಕಿದ್ದೆ ಕಣೋ,” ಎಂದಳು. “ನಮಗೆ ಹೇಳಿದ್ದಾಯ್ತು. ಅವಳಿಗೆ ಏನು ಹೇಳ್ದೆ?”

ಅವನು ಕಾರಿನಲ್ಲಿ ತಾನು ಆಡಿದ್ದನ್ನು ನೆನೆದುಕೊಂಡ. ಯಾವಾಗ ಗೊತ್ತಾಯ್ತು ಎಂದು ಕೇಳಿದ್ದ, ಯಾಕೆ ಹೇಳಲಿಲ್ಲ ಎಂದು ಕೇಳಿದ್ದ, ಗಾಡಿ ತಿರುಗಿಸು ಎಂದಿದ್ದ. ಅಲ್ಲಿಯೂ ಮೇಷ್ಟ್ರೇ ಆಗಿದ್ದ.

ಹೊರಗೆ ಬಂದಾಗ ಕಾರಿನ ಗಾಜು ಇಳಿದಿತ್ತು. ಮಗಳು ಎತ್ತಲೋ ನೋಡುತ್ತ ಬೆರಳುಗಳಿಂದ ಸ್ಟಿಯರಿಂಗ್ ತಟ್ಟುತ್ತಿದ್ದಳು. ಏಳು, ಏಳು, ಐದೂವರೆ. ಅವನು ರಸ್ತೆಯಲ್ಲೇ ನಿಂತು ಕೇಳಿದ. ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಒಂದು ಕಾಲದಲ್ಲಿ ಇದನ್ನು ಕೇಳಲು ಅವನು ಏನು ಬೇಕಾದರೂ ಕೊಡುತ್ತಿದ್ದ.

ಬಾಗಿಲು ತೆಗೆದು ಕೂತ. “ತಪ್ಪಾಯ್ತು ಮಗಳೇ,” ಎಂದ. “ಆವತ್ತು ನೀನು ಬಾರಿಸಿದ್ದೇ ಸರಿ. ನಾಲ್ಕು ಜನರ ಮುಂದೆ ನಿನ್ನ ಮರ್ಯಾದೆ ತೆಗೆದೆ. ನಿನ್ನ ಕೈಯಿಂದ ಕೋಲು ಕಿತ್ತುಕೊಂಡ ಹಾಗೆ ಮಾಡಿದೆ. ಇವತ್ತೂ ಅಲ್ಲಿ ಕೂತು ಸುಳ್ಳು ಹೇಳಿದೆ. ಅವರಿಬ್ಬರಿಗೂ ಹೇಳಿ ಬಂದೆ. ನಿನಗೆ ಮೊದಲು ಹೇಳಬೇಕಿತ್ತು.”

ಮಗಳು ಅಪ್ಪನ ಮೊಣಕಾಲನ್ನು ಎರಡು ಸಲ ತಟ್ಟಿದಳು, ಆಸ್ಪತ್ರೆಯಲ್ಲಿ ತಟ್ಟುವ ಹಾಗೆಯೇ ಇರಬೇಕು.

“ಒಂದ್ಸಲ ಬಾರಿಸಮ್ಮ,” ಎಂದ ಅವನು. “ಈ ಗೀರಲ್ಲ. ಆವತ್ತು ನೀನು ಬಾರಿಸಿದ್ಯಲ್ಲ, ಅದು.”

ಅವಳು ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟಳು. ಏಳು. ಏಳು. ಮೂರನೆಯ ಸಲ ಬೆರಳು ಐದರ ಮೇಲೆ ಜಗ್ಗಿ ಮುಂದಕ್ಕೆ ಬಿದ್ದುಬಿಟ್ಟಿತು. ಅವಳು ತಲೆಯಾಡಿಸಿ ಮತ್ತೆ ಶುರುಮಾಡಿದಳು. ಈ ಸಲ ನಿಧಾನವಾಗಿ, ತುಟಿಯಲ್ಲಿ ಎಣಿಸುತ್ತ. ಏಳು, ಏಳು, ಐದೂವರೆ. ಇನ್ನೊಮ್ಮೆ ಬಾರಿಸಿ ನೋಡಿದಳು. ಅಪ್ಪ ಉಸಿರು ಬಿಗಿಹಿಡಿದು ಅವಳ ಬೆರಳನ್ನೇ ನೋಡುತ್ತಿದ್ದ. ಆರನೆಯ ಪೆಟ್ಟು ಬರಲೇ ಇಲ್ಲ.

ಅವಳು ಸಣ್ಣಗೆ ನಕ್ಕಳು. “ಅದು ಹೋಯ್ತು ಅಪ್ಪ. ಈಗ ನನಗೆ ಬರೋದು ನೀವು ಹೇಳಿಕೊಟ್ಟಿದ್ದೊಂದೇ.”

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಅವಳು ಕನ್ನಡಿ ನೋಡಿ, ಹ್ಯಾಂಡ್‌ಬ್ರೇಕ್ ಇಳಿಸಿ, ಬೆಲ್ಟು ಹಾಕ್ಕೊಳ್ಳಿ ಎಂದಳು. ಅವನು ಬೆಲ್ಟು ಎಳೆದುಕೊಂಡ. ಅದು ಕೊಂಡಿಗೆ ಸಿಕ್ಕಿದ್ದು ಮೂರನೆಯ ಸಲಕ್ಕೆ.